ಮಗಳಿಗೊಂದು ಪತ್ರ: ಬೆಳಗಾಗುವವರೆಗೆ ಬ್ಯಾಟರಿ

ಪುಟ್ಟೀ,

ಗಾಡಿಯ ಹಿಂದೆ ಕಟ್ಟಿ ಎಳೆದೊಯ್ಯುವ ನಮ್ಮ ಪುಟ್ಟ ಮನೆಯಂಥ ಟ್ರೇಲರಿನ ಕೀಲಿಕೈ ನಿನ್ನ ಕೈಗಿಟ್ಟು, ಗ್ಯಾಸ್ ಸಿಲಿಂಡರ್ ಎರಡನ್ನೂ ತುಂಬಿಸಿ ಕೊಟ್ಟು ನಿಮ್ಮಪ್ಪ ನಿಶ್ಚಿಂತರಾಗಿದ್ದಾರೆ. ನನಗೆ ಮಾತ್ರ ಬ್ಯಾಟರಿ ವಿಷಯ ಹೇಳದೆ ನಿನ್ನನ್ನು ಕಳಿಸಲು ಮನಸ್ಸು ಬರುತ್ತಿಲ್ಲ. ಬಾಯಲ್ಲಿ ಹೇಳಲು ಹೋದರೆ "ಗೊತ್ತಮ್ಮಾ" ಅಂತ ಅರ್ಧಕ್ಕೇ ಎದ್ದು ಹೋಗುತ್ತೀಯ. ಅದಕ್ಕೇ ಬರೆದು ಚಮಚದ ಡ್ರಾಯರ್‌ನಲ್ಲಿ ಇಟ್ಟಿದ್ದೇನೆ. ಭಾನುವಾರದ ಕನ್ನಡ ಕ್ಲಾಸಿಗೆ ಅಷ್ಟು ವರ್ಷ ಹೋಗಿದ್ದೀಯ, ನಿಧಾನಕ್ಕೆ ಓದಿಕೊಳ್ಳುತ್ತೀಯ ಅಂತ ಗೊತ್ತು.

ನೀನೂ ನಿನ್ನ ಇಬ್ಬರು ಗೆಳತಿಯರೂ ಹೋಗುತ್ತಿರುವುದು ಅರಿಜೋನಾದ ಟುಸಾಯನ್ ಊರಿನ ಪಕ್ಕದ ಕೈಬಾಬ್ ಕಾಡಿಗೆ. ಗ್ರ್ಯಾಂಡ್ ಕ್ಯಾನ್ಯನ್ ಅಲ್ಲಿಂದ ಹತ್ತಿರ, ಜಾಗಕ್ಕೆ ದುಡ್ಡು ಕೊಡಬೇಕಾಗಿಲ್ಲ, 14 ದಿನದವರೆಗೆ ಇರಬಹುದು. ಆದರೆ ಅಲ್ಲಿ ಕರೆಂಟಿನ ಕಂಬವಿಲ್ಲ, ನಲ್ಲಿಯಿಲ್ಲ. ಇಲ್ಲಿ ಫೀನಿಕ್ಸ್‌ನಲ್ಲಿ ಮಾರ್ಚ್ ಅಂದರೆ ಆಗಲೇ ಫ್ಯಾನ್ ತಿರುಗುತ್ತಿರುತ್ತೆ. ಆ ಕಾಡು 2,000 ಮೀಟರ್ ಎತ್ತರದಲ್ಲಿದೆ. ಮಾರ್ಚ್ ರಾತ್ರಿ ಬಕೆಟ್ಟಿನಲ್ಲಿಟ್ಟ ನೀರು ಬೆಳಿಗ್ಗೆಗೆ ಗಟ್ಟಿಯಾಗಿರುತ್ತೆ.

ನಿನಗೆ ಒಂಬತ್ತು ವರ್ಷ ಇದ್ದಾಗ ಅದೇ ಕಾಡಿನಲ್ಲಿ ಕಳೆದ ಮೊದಲ ರಾತ್ರಿ ನೆನಪಿದೆಯಾ? ನೀನು ಗಾಢ ನಿದ್ದೆಯಲ್ಲಿದ್ದೆ. ಮೂರು ಗಂಟೆಗೆ ನನಗೆ ಎಚ್ಚರವಾದಾಗ ಟ್ರೇಲರನ್ನು ಬೆಚ್ಚಗಿಡುವ ಫರ್ನೇಸಿನ ಫ್ಯಾನು ಓಡುತ್ತಲೇ ಇತ್ತು, ಆದರೆ ಜಾಲರಿಯಿಂದ ಬರುತ್ತಿದ್ದುದು ತಣ್ಣನೆ ಗಾಳಿ. ನೆಲದ ಹತ್ತಿರವಿದ್ದ ಗ್ಯಾಸ್ ಡಿಟೆಕ್ಟರ್ ಕುಂಯ್ ಕುಂಯ್ ಅನ್ನುತ್ತಿತ್ತು. ಗ್ಯಾಸೇ ಸೋರುತ್ತಿದೆ ಅಂದುಕೊಂಡು ನಿನ್ನನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೊರಗೆ ಓಡಿದೆ. ಆ ಚಳಿಯಲ್ಲಿ ನಿನ್ನ ಹಲ್ಲು ಕಟಕಟ ಅಂದದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಗ್ಯಾಸ್ ಸೋರಿರಲಿಲ್ಲ, ಬ್ಯಾಟರಿ ಬರಿದಾಗಿತ್ತು. ಫರ್ನೇಸ್ ಉರಿಯುವುದು ಗ್ಯಾಸಿನಿಂದಲೇ, ಆದರೆ ಬಿಸಿಗಾಳಿಯನ್ನು ಒಳಗೆ ತಳ್ಳುವ ಫ್ಯಾನಿಗೆ ಬ್ಯಾಟರಿ ಬೇಕು. ಫರ್ನೇಸ್ ಒಳಗೆ ಗಾಳಿ ಬಡಿದಾಗ ವಾಲುವ ಒಂದು ಪುಟ್ಟ ತಗಡಿನ ಪಟ್ಟಿ ಇದೆ, ಸೇಲ್ ಸ್ವಿಚ್ ಅಂತಾರೆ. ಫ್ಯಾನು ಸಾಕಷ್ಟು ಜೋರಾಗಿ ತಿರುಗಿದರೆ ಮಾತ್ರ ಅದು ವಾಲಿ, ಗ್ಯಾಸ್ ಹೊತ್ತಿಕೊಳ್ಳಲು ಬಿಡುತ್ತೆ. ವೋಲ್ಟೇಜ್ ಬಿದ್ದರೆ ಫ್ಯಾನು ಸೋಮಾರಿಯಾಗುತ್ತೆ, ಪಟ್ಟಿ ವಾಲುವುದಿಲ್ಲ, ಬೆಂಕಿ ಹತ್ತುವುದಿಲ್ಲ. ಫ್ಯಾನು ಮಾತ್ರ ತಣ್ಣಗಿನ ಗಾಳಿ ಬೀಸುತ್ತಾ ಉಳಿದ ಚೂರುಪಾರು ಚಾರ್ಜನ್ನೂ ಮುಗಿಸುತ್ತೆ. ಡಿಟೆಕ್ಟರ್ ಕೂಗಿದ್ದೂ ವೋಲ್ಟೇಜ್ ಸಾಲದೆ. ಹಾಗಂತ ಅದು ಕೂಗಿದರೆ ಬ್ಯಾಟರಿಯೇ ಇರಬೇಕು ಅಂತ ಒಳಗೆ ಕೂತು ಲೆಕ್ಕ ಹಾಕಬೇಡ. ಮೊದಲು ಎಲ್ಲರನ್ನೂ ಹೊರಗೆ ಕರೆದುಕೊಂಡು ಬಾ, ಆಮೇಲೆ ನೋಡು.

ಆಗ ಇದ್ದದ್ದು 80 ಎಎಚ್‌ನ ಒಂದೇ ಬ್ಯಾಟರಿ. ಎಎಚ್ ಅಂದರೆ ಆಂಪ್-ಅವರ್, ಒಂದು ಆಂಪಿನಂತೆ ಒಂದು ಗಂಟೆ ಎಳೆದರೆ ಒಂದು ಎಎಚ್. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತಾ ಹೋದರೆ ಅದರ ಆಯಸ್ಸು ಕಮ್ಮಿಯಾಗುತ್ತೆ. ಅಂದರೆ ನಮ್ಮ ಕೈಯಲ್ಲಿದ್ದದ್ದು 40. ಸಂಜೆ ನಾಲ್ಕು ಹಳೇ ಬಲ್ಬು, ಒಂದೊಂದೂ ಒಂದೂವರೆ ಆಂಪ್ ಎಳೆಯುತ್ತೆ. ನಾಲ್ಕು ಗಂಟೆ ಉರಿದವು, 24 ಹೋಯಿತು. ಮಲಗುವ ಮೊದಲೇ ಆ 40ರಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ. ಇನ್ವರ್ಟರ್ ಆಫ್ ಮಾಡಿರಲಿಲ್ಲ. ಅದರ ಮೇಲೆ ಓಡಿದಷ್ಟು ಹೊತ್ತೂ 8 ಆಂಪ್ ಎಳೆಯುವ ಫರ್ನೇಸು. ಅಷ್ಟೆಲ್ಲ ಎಳೆದ ಮೇಲೆ ಅದು ಮೂರು ಗಂಟೆವರೆಗೆ ತಡೆದದ್ದೇ ಹೆಚ್ಚು.

ಈಗ 6 ವೋಲ್ಟಿನ ಗಾಲ್ಫ್ ಕಾರ್ಟ್ ಬ್ಯಾಟರಿ ಎರಡು ಸೇರಿಸಿ ಹಾಕಿದ್ದೇವೆ, 220 ಎಎಚ್. ನೀನು ಬಳಸಬೇಕಾದದ್ದು 110. ಚಳಿಯ ರಾತ್ರಿ ಫರ್ನೇಸ್ ಹತ್ತು ಗಂಟೆಯಲ್ಲಿ ಐದು ಗಂಟೆ ಓಡಿದರೂ 40 ಹೋಗುತ್ತೆ. ಫ್ರಿಜ್ಜಿನ ಬೋರ್ಡು, ಡಿಟೆಕ್ಟರು, ನಮ್ಮ ಕಣ್ಣಿಗೆ ಬೀಳದೆ ಸದಾ ಎಳೆಯುವ ಚಿಲ್ಲರೆ ಎಲ್ಲ ಸೇರಿ ಇನ್ನೊಂದು 15. ಎಲ್‌ಇಡಿ ದೀಪ, ನಿಮ್ಮ ಮೂವರ ಫೋನು, ನೀರಿನ ಪಂಪು ಸೇರಿದರೂ 10 ದಾಟಲ್ಲ. ಹತ್ತಿರ ಹತ್ತಿರ 65. ಬೆಳಗಾಗುತ್ತೆ. ಆದರೆ ಮಾರನೇ ದಿನ ಅಷ್ಟನ್ನು ವಾಪಸ್ ತುಂಬಿಸಲೇಬೇಕು. ಇಲ್ಲದಿದ್ದರೆ ಎರಡನೇ ರಾತ್ರಿ ಕಷ್ಟ.

ನಾನು ತಿಪಟೂರಿನ ತೋಟದ ಮನೆಯಲ್ಲಿ ಬೆಳೆದವಳು. ರಾತ್ರಿ ತ್ರೀಫೇಸ್ ಯಾವಾಗ ಬರುತ್ತೋ ಅಂತ ತಾತ ಟಾರ್ಚ್ ತಲೆದಿಂಬಿನ ಹತ್ತಿರ ಇಟ್ಟುಕೊಂಡೇ ಮಲಗುತ್ತಿದ್ದರು. ಬಂದ ಕೂಡಲೇ ಪಂಪ್‌ಮನೆಗೆ ಹೋಗಿ ಸ್ಟಾರ್ಟರ್ ಒತ್ತುತ್ತಿದ್ದರು. ಕರೆಂಟ್ ಇಷ್ಟು ಹೊತ್ತು ಇರುತ್ತೆ, ಅಷ್ಟರಲ್ಲಿ ಯಾವ ಸಾಲಿಗೆ ಮೊದಲು ನೀರು ಅನ್ನುವುದು ಅವರ ತಲೆಯಲ್ಲಿ ಮೊದಲೇ ಇರುತ್ತಿತ್ತು. ಈ ಟ್ರೇಲರಿನಲ್ಲಿ ಮಲಗಿದಾಗೆಲ್ಲ ನನಗೆ ಅವರದೇ ನೆನಪು.

ದೊಡ್ಡ ಸಾಮಾನು ಅಂದರೆ ಹೆಚ್ಚು ಕರೆಂಟ್ ಅಂತ ನೀನು ಅಂದುಕೊಂಡಿರಬಹುದು. ಹೊತ್ತನ್ನೂ ಲೆಕ್ಕಕ್ಕೆ ತಗೋ. ಚಟ್ನಿಗೆ ಮಿಕ್ಸಿ ಎರಡು ನಿಮಿಷ ಓಡಿಸಿದರೆ ಹೋಗುವುದು 2 ಎಎಚ್ ಅಷ್ಟೇ. ಧಾರಾಳವಾಗಿ ಚಟ್ನಿ ಮಾಡಿಕೊಳ್ಳಿ. ಅದಾದ ಮೇಲೆ ಇನ್ವರ್ಟರ್ ಆಫ್ ಮಾಡದೆ ಮಲಗಿದರೆ ಏನೂ ಓಡಿಸದೆಯೂ ಬೆಳಿಗ್ಗೆಗೆ 8, 10 ತಿಂದುಹಾಕಿರುತ್ತೆ. ಬಿಸಿ ಮಾಡುವ ಸಾಮಾನು ಮಾತ್ರ ಬೇಡವೇ ಬೇಡ. 1,000 ವ್ಯಾಟಿನ ಎಲೆಕ್ಟ್ರಿಕ್ ಕುಕ್ಕರ್ 12 ವೋಲ್ಟಿನ ಬ್ಯಾಟರಿಯಿಂದ 90 ಆಂಪ್ ಎಳೆಯುತ್ತೆ, ಕಾಲು ಗಂಟೆಯಲ್ಲಿ 20ಕ್ಕೂ ಮೇಲೆ ಹೋಗಿರುತ್ತೆ. ಸೀಟಿ ಕುಕ್ಕರ್ ಇಟ್ಟಿದ್ದೇನೆ, ಗ್ಯಾಸ್ ಮೇಲೆ ಅನ್ನ ಮಾಡು. ಕಾಫಿ ಫಿಲ್ಟರೂ ಇದೆ, ರಾತ್ರಿಯೇ ಡಿಕಾಕ್ಷನ್ ಇಳಿಸಿಟ್ಟರೆ ಬೆಳಿಗ್ಗೆ ಹಾಲು ಕಾಯಿಸಿದರಾಯಿತು. ಹೇರ್ ಡ್ರೈಯರನ್ನು ನಾನೇ ನಿನ್ನ ಬ್ಯಾಗಿನಿಂದ ತೆಗೆದು ಮನೆಯಲ್ಲಿಟ್ಟಿದ್ದೇನೆ, ಹುಡುಕಬೇಡ.

ಫ್ರಿಜ್ ಗ್ಯಾಸಿನಲ್ಲೇ ಓಡಲಿ. ಅದನ್ನು ಬ್ಯಾಟರಿಯಲ್ಲಿ ಓಡಿಸುವ ಡಿಸಿ ಗುಂಡಿ ಅಪ್ಪಿತಪ್ಪಿ ಒತ್ತಿದರೆ ಒಂದೇ ಸಮನೆ 20 ಆಂಪ್ ಎಳೆಯುತ್ತೆ, ರಾತ್ರಿಯೊಳಗೆ ಎಲ್ಲ ಖಾಲಿ.

ಗಾಡಿ ನಿಲ್ಲಿಸುವಾಗ ಪಾಂಡೆರೋಸಾ ಪೈನ್ ಮರಗಳ ನಡುವಿನ ನೆರಳು ಕಂಡು ಆಸೆಪಡಬೇಡ. ಚೂರು ನೆರಳು ಬಿದ್ದರೂ ಸೋಲಾರ್ ಪ್ಯಾನೆಲ್ ಕೊಡುವುದು ತೀರಾ ಕಡಿಮೆಯಾಗುತ್ತೆ. ಪೂರ್ವಕ್ಕೂ ದಕ್ಷಿಣಕ್ಕೂ ಬಯಲು ಇರುವ ಕಡೆ ನಿಲ್ಲಿಸು. ಟ್ರೇಲರಿನ ಛಾವಣಿ ಮೇಲಿನ 200 ವ್ಯಾಟ್ ಪ್ಯಾನೆಲ್ಲು ಬಿಸಿಲು ಚೆನ್ನಾಗಿದ್ದರೆ ದಿನಕ್ಕೆ 60ರ ಆಸುಪಾಸು ಕೊಡುತ್ತೆ. ಮಡಚುವ 100 ವ್ಯಾಟಿನದನ್ನು ಸೂರ್ಯನ ಕಡೆಗೆ ವಾಲಿಸಿ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಒಂದೊಂದು ಸಲ ತಿರುಗಿಸಿದರೆ ಕೊರತೆ ತುಂಬುತ್ತೆ. ಮೋಡ ಕವಿದರೆ ಜನರೇಟರ್ ಹಾಕು, ಆದರೆ ಬೆಳಿಗ್ಗೆಯೇ ಹಾಕು. ಖಾಲಿಯಾಗಿರುವ ಬ್ಯಾಟರಿ ಬೇಗ ಬೇಗ ಹೀರಿಕೊಳ್ಳುತ್ತೆ. ಕೊನೆಯ 20 ಪರ್ಸೆಂಟ್ ತುಂಬಲು ಗಂಟೆಗಟ್ಟಲೆ ಬೇಕು, ಅದನ್ನು ಬಿಸಿಲಿಗೆ ಬಿಡು, ಪೆಟ್ರೋಲ್ ಸುಡಬೇಡ. ಜನರೇಟರ್ ಕಿಟಕಿಯಿಂದ ದೂರ ಇರಲಿ, ಹೊಗೆ ಗಾಳಿಯ ಜೊತೆ ಟ್ರೇಲರ್‌ನಿಂದ ಆಚೆಗೆ ಹೋಗಲಿ. ಇದರಲ್ಲಿ ಒಂದು ದಿನವೂ ಅಸಡ್ಡೆ ಬೇಡ.

ಮಧ್ಯಾಹ್ನ ಬ್ಯಾಟರಿ ಮೀಟರ್ 13.8 ವೋಲ್ಟ್ ತೋರಿಸಿದರೆ ತುಂಬಿದೆ ಅಂದುಕೊಳ್ಳಬೇಡ, ಅದು ಚಾರ್ಜ್ ಆಗುವಾಗಿನ ವೋಲ್ಟೇಜು. ನಿಜ ತಿಳಿಯುವುದು ಸೂರ್ಯ ಹುಟ್ಟುವ ಮೊದಲು, ಎಲ್ಲ ಆಫ್ ಇದ್ದಾಗ. 12.7 ಅಂದರೆ ತುಂಬಿದೆ, 12.1 ಅಂದರೆ ಅರ್ಧ. ಫರ್ನೇಸ್ ಓಡುತ್ತಿರುವಾಗ ನೋಡಿದರೆ ಇರುವುದಕ್ಕಿಂತ ಕಮ್ಮಿಯೇ ತೋರಿಸುತ್ತೆ.

ನಿಮ್ಮಪ್ಪ ಲಿಥಿಯಂ ಹಾಕಿಸೋಣ ಅಂತಿದ್ದಾರೆ. ಹಗುರ, ಪೂರ್ತಿ ಬಳಸಬಹುದು, ನೀರು ಹಾಕುವ ತಾಪತ್ರಯವಿಲ್ಲ. ಆದರೆ 0 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು, ಒಳಗೆ ಹಾಳಾಗುತ್ತೆ. ನಮ್ಮ ಬ್ಯಾಟರಿ ಪೆಟ್ಟಿಗೆ ಇರುವುದು ಹೊರಗೆ, ಚಳಿಯಲ್ಲಿ. ಅದಕ್ಕೇ ನಾನು ಇನ್ನೂ ಒಪ್ಪಿಲ್ಲ. ಈಗಿರುವುದಕ್ಕೆ ಶನಿವಾರ ಡಿಸ್ಟಿಲ್ಡ್ ವಾಟರ್ ಹಾಕಿದ್ದೇನೆ, ಊರಲ್ಲಿ ಅಜ್ಜಿ ಮನೆಯ ಯುಪಿಎಸ್‌ಗೆ ಹಾಕುತ್ತೇವಲ್ಲ, ಹಾಗೇ.

ಇನ್ನೊಂದು, ಇದು ಜೀವದ ಮಾತು. ಹೈವೇಯಲ್ಲಿ ಟ್ರೇಲರ್ ಗಾಡಿಯಿಂದ ಕಳಚಿಕೊಂಡರೆ ಬ್ರೇಕ್‌ಅವೇ ಸ್ವಿಚ್ ತಾನಾಗಿ ಬ್ರೇಕ್ ಹಾಕುತ್ತೆ. ಅದಕ್ಕೆ ಬೇಕಾದ ಕರೆಂಟೂ ಇದೇ ಬ್ಯಾಟರಿಯದು. ಬ್ಯಾಟರಿ ಬರಿದಾಗಿರುವಾಗ ಟ್ರೇಲರ್ ಎಳೆದುಕೊಂಡು ರಸ್ತೆಗೆ ಇಳಿಯಬೇಡ. ಕಾಡಿನಿಂದ ಹೊರಡುವ ದಿನ ಬೆಳಿಗ್ಗೆಯೂ ಮೀಟರ್ ನೋಡಿಯೇ ಹೊರಡು.

ರಾತ್ರಿ ಫರ್ನೇಸಿನ ಥರ್ಮೋಸ್ಟಾಟ್ 55 ಡಿಗ್ರಿ ಫ್ಯಾರನ್‌ಹೀಟಿಗೆ ಇಳಿಸಿ ಮಲಗಿ. ಅಜ್ಜಿ ಕಳಿಸಿದ ಚಳ್ಳಕೆರೆ ಕಂಬಳಿ ಮೂರೂ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿವೆ. ಚುಚ್ಚುತ್ತೆ ಅಂತ ನಿನ್ನ ಗೆಳತಿಯರು ಅಂದರೆ ಒಳಗೊಂದು ಕಾಟನ್ ದುಪ್ಪಟಿ ಹಾಕಿಕೊಳ್ಳಲಿ, ಅದನ್ನೂ ಇಟ್ಟಿದ್ದೇನೆ.

ಮೊದಲ ಬೆಳಿಗ್ಗೆ ಮೀಟರ್ ಎಷ್ಟು ತೋರಿಸಿತು ಅಂತ ನನಗೆ ಮೆಸೇಜ್ ಹಾಕು. ಕಾಡಿನಲ್ಲಿ ಸಿಗ್ನಲ್ ಸಿಗದಿದ್ದರೆ ಟುಸಾಯನ್‌ಗೆ ಬಂದಾಗ ಹಾಕು, ಕಾಯುತ್ತಿರುತ್ತೇನೆ.

ಇಂತಿ,
ಅಮ್ಮ