ಓಕೆ ಬಗ್ಗೆ ಒಂದು ಸೂಚನೆ

ಎಲ್ಲರಿಗೂ ನಮಸ್ಕಾರ. ‘ಓಕೆ’ ಅಂದ್ರೆ ‘ಝೀರೋ ಕಿಲ್ಡ್’, ಅಮೆರಿಕದ ಅಂತರ್ಯುದ್ಧದಲ್ಲಿ ಯಾರೂ ಸಾಯದ ದಿನ ಸೈನಿಕರು ಹಾಗೆ ಬರೆಯುತ್ತಿದ್ದರು ಎನ್ನುವ ಫಾರ್ವರ್ಡ್ ಮತ್ತೆ ಓಡಾಡುತ್ತಿದೆ. ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಆ ಯುದ್ಧ ಶುರುವಾದದ್ದು 1861ರಲ್ಲಿ. ಓಕೆ ಅದಕ್ಕೂ ಮೊದಲೇ, 1839ರ ಮಾರ್ಚ್ 23ರಂದು ‘ಬೋಸ್ಟನ್ ಮಾರ್ನಿಂಗ್ ಪೋಸ್ಟ್’ ಪತ್ರಿಕೆಯಲ್ಲಿ ಅಚ್ಚಾಗಿತ್ತು.

ಆಗ ಅಲ್ಲಿನ ಪತ್ರಿಕೆಗಳಲ್ಲಿ ಬೇಕಂತಲೇ ಸ್ಪೆಲಿಂಗ್ ಕೆಡಿಸಿ, ಮೊದಲಕ್ಷರ ಮಾತ್ರ ಬರೆಯುವ ಚೇಷ್ಟೆ ಜೋರಾಗಿತ್ತು. ‘ಆಲ್ ಕರೆಕ್ಟ್’ (all correct) ಕೆಟ್ಟು ‘oll korrect’ ಆಗಿ, ಅದರ ಮೊದಲಕ್ಷರಗಳಿಂದ ‘ಓಕೆ’ ಆಯಿತು. ‘ಆಲ್ ರೈಟ್’ (all right) ಹಾಗೇ ‘oll wright’ ಆಗಿ ‘ಓಡಬ್ಲ್ಯು’ ಕೂಡ ಆಗಿತ್ತು, ಪಾಪ, ಅದು ಉಳಿಯಲಿಲ್ಲ. ಓಕೆಗೆ ಅದೃಷ್ಟ ತಂದದ್ದು 1840ರ ಚುನಾವಣೆ. ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರೆನ್ ಊರು ಕಿಂಡರ್‌ಹುಕ್. ‘ಓಲ್ಡ್ ಕಿಂಡರ್‌ಹುಕ್’ ಎಂದು ಅವರ ಕಡೆಯವರು ಓಕೆಯನ್ನೇ ಘೋಷಣೆ ಮಾಡಿಕೊಂಡರು. ಅವರು ಸೋತರು, ಪದ ಗೆದ್ದಿತು! ಇದನ್ನೆಲ್ಲ ಹಳೆ ಪತ್ರಿಕೆ ಕೆದಕಿ 1960ರ ದಶಕದಲ್ಲಿ ತೋರಿಸಿಕೊಟ್ಟವರು ಅಮೆರಿಕದ ಭಾಷಾ ವಿದ್ವಾಂಸ ಅಲೆನ್ ವಾಕರ್ ರೀಡ್. ಓಕೆ ಚಾಕ್ಟಾ (ಅಮೆರಿಕದ ಒಂದು ಮೂಲನಿವಾಸಿ ಭಾಷೆ) ಅಥವಾ ಗ್ರೀಕ್‌ನಿಂದ ಬಂತು ಎನ್ನುವ ಕಥೆಗಳೂ ಇವೆ. ಅವು ಚೆನ್ನಾಗಿವೆ, ಪುರಾವೆ ಮಾತ್ರ ಸಾಲದು.

ಇನ್ನೊಂದು ಮಾತು. ಓಕೆಗೆ ಅರ್ಥ ಜಾಸ್ತಿ. ‘ಒಪ್ಪಿದೆ’, ‘ಓದಿದೆ’, ‘ಪರವಾಗಿಲ್ಲ’, ‘ಸುಮಾರು’, ‘ಸಾಕು ಮಾತು ಮುಗಿಸು’ ಎಲ್ಲವೂ ಅದೇ. ಹಾಗಾಗಿ ಭಾನುವಾರದ ಸಭೆಗೆ ಸುಮ್ನೆ ಓಕೆ ಹಾಕಬೇಡಿ. ‘ಬರ್ತೀನಿ’ ಅಥವಾ ‘ಬರಲ್ಲ’ ಅಂತ ಬರೆಯಿರಿ. ಊಟದ ಲೆಕ್ಕ ಕೊಡಬೇಕು.