ಗೊರಕೆಯ ವಿಚಾರಕ್ಕೇ ಈ ಪತ್ರ

ಹಾಸನ

ಪ್ರೀತಿಯ ಮಂಜುಗೆ ಸೋದರಮಾವನ ಆಶೀರ್ವಾದಗಳು.

ನೀನು ಕಳಿಸಿದ ಹೊಸ ಚೀಟಿಯ ಫೋಟೋ ನೋಡಿದೆ. ಬಿಪಿಗೆ ಮೂರನೇ ಮಾತ್ರೆ ಸೇರಿದೆ, ಅದೂ ನೀರು ಹೋಗಿಸುವ ಮಾತ್ರೆ. ಆದರೂ ಮನೆಯಲ್ಲಿ ಅಳೆದರೆ 160ರ ಕೆಳಗೆ ಬರುತ್ತಿಲ್ಲ ಅಂತೀಯ. ಉಪ್ಪಿನಕಾಯಿ ಬಿಟ್ಟಿದ್ದೀಯ, ಮಾತ್ರೆ ತಪ್ಪಿಸುತ್ತಿಲ್ಲ. ಹಾಗಾದರೆ ಕಾರಣ ಬೇರೆ ಕಡೆ ಇರಬೇಕು ಅಲ್ವಾ?

ಮದುವೆಗೆ ಬಂದಾಗ ನಿನ್ನ ಹೆಂಡತಿ ಹೇಳಿದ ಮಾತು ನಂಗೆ ಆಗಲೇ ಚುಚ್ಚಿತ್ತು. "ಗೊರಕೆ ಅಭ್ಯಾಸ ಆಗೋಗಿದೆ. ಮಧ್ಯೆ ಅದು ನಿಂತು ಹೋಗುತ್ತಲ್ಲ, ಆಗ ಭಯ" ಅಂದಳು. ನೀವೆಲ್ಲ ನಕ್ಕಿರಿ. ಔಷಧಿ ಅಂಗಡಿಯ ಕೌಂಟರಿನ ಹಿಂದೆ ಆಯುಷ್ಯ ಕಳೆದವನು ನಾನು. ಬಿಪಿಗೆ ಮಾತ್ರೆಯ ಮೇಲೆ ಮಾತ್ರೆ ಒಯ್ಯುವವರಲ್ಲಿ ಎಷ್ಟೋ ಜನ ಬೆಂಚಿನ ಮೇಲೆ ಕೂತಲ್ಲೇ ತೂಕಡಿಸುವುದನ್ನು ನೋಡಿದ್ದೇನೆ.

ಸ್ಲೀಪ್ ಆಪ್ನಿಯಾ ಅಂತಾರೆ ಇದಕ್ಕೆ. ನಿದ್ದೆ ಬಂದಾಗ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ಕೆಲವರಿಗೆ ಉಸಿರಿನ ದಾರಿಯೇ ಮುಚ್ಚಿಕೊಳ್ಳುತ್ತದೆ. ಎದೆ ಏಳುತ್ತದೆ, ಇಳಿಯುತ್ತದೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ಹತ್ತು ಸೆಕೆಂಡು, ಕೆಲವೊಮ್ಮೆ ಅರ್ಧ ನಿಮಿಷ. ರಕ್ತದಲ್ಲಿ ಆಮ್ಲಜನಕ ಇಳಿದು ಮಿದುಳು ಗಾಬರಿಯಾಗಿ ಎಬ್ಬಿಸುತ್ತದೆ. ದೊಡ್ಡ ಸದ್ದಿನ ಜೊತೆ ಉಸಿರು ವಾಪಸ್ಸು ಬರುತ್ತದೆ. ಬೆಳಗ್ಗೆ ಇದ್ಯಾವುದೂ ನಿನಗೆ ನೆನಪಿರುವುದಿಲ್ಲ. ಆದರೆ ಪ್ರತಿ ಸಲವೂ ಅಡ್ರಿನಲಿನ್ ನುಗ್ಗುತ್ತದೆ, ರಕ್ತನಾಳ ಬಿಗಿಯುತ್ತದೆ, ಬಿಪಿ ಜಿಗಿಯುತ್ತದೆ. ರಾತ್ರಿಯಿಡೀ ಗದ್ದೆಯಲ್ಲಿ ಕಾಡಾನೆ ಕಾಯುತ್ತಾ ಕೂತವನ ಪಾಡು ನಿನ್ನ ಹೃದಯದ್ದು.

ನಿದ್ದೆಯಲ್ಲಿ ಬಿಪಿ ಹಗಲಿಗಿಂತ ಶೇಕಡಾ 10ರಿಂದ 20ರಷ್ಟು ಇಳಿಯಬೇಕು. ಈ ತೊಂದರೆ ಇರುವ ಎಷ್ಟೋ ಜನಕ್ಕೆ ಇಳಿಯುವುದೇ ಇಲ್ಲ. ಬರಬರುತ್ತಾ ರಾತ್ರಿಯ ಬಿಗಿ ಹಗಲಿಗೂ ಅಂಟಿಕೊಳ್ಳುತ್ತದೆ. ಡಾಕ್ಟರು ನೋಡುವುದು ಬೆಳಗ್ಗೆ ಹನ್ನೊಂದರ ಬಿಪಿ. ರಾತ್ರಿ ಎರಡು ಗಂಟೆಯದನ್ನು ಯಾರು ನೋಡುತ್ತಾರೆ? ಮೂರು ಮಾತ್ರೆಗೂ ಬಗ್ಗದ ಬಿಪಿ ಇರುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಈ ಕಾಯಿಲೆ ಇರುತ್ತದೆ. ಅಮೆರಿಕದ ತಜ್ಞರ ಸಮಿತಿ 2003ರಲ್ಲೇ ಇದನ್ನು ಬಿಪಿಯ ಕಾರಣಗಳ ಪಟ್ಟಿಗೆ ಸೇರಿಸಿತ್ತು. ಆದರೂ ನಮ್ಮ ಕಡೆ ಗೊರಕೆ ಅಂದರೆ ಗಾಢ ನಿದ್ದೆ ಅಂತಲೇ ಲೆಕ್ಕ.

ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುತ್ತೀಯಲ್ಲ, ಅದಕ್ಕೆ ನೀರಿನ ಮಾತ್ರೆಯನ್ನೇ ಬೈಯಬೇಡ. ಬೆಳಗ್ಗೆ ನುಂಗಿದ ಮಾತ್ರೆಯ ಜೋರು ಅಷ್ಟು ಹೊತ್ತಿಗೆ ಸಾಮಾನ್ಯವಾಗಿ ಇಳಿದಿರುತ್ತದೆ. ಆಪ್ನಿಯಾದಲ್ಲೂ ಹೀಗೇ ಆಗುತ್ತದೆ. ಎದ್ದಾಗ ತಲೆನೋವು, ಒಣಗಿದ ಬಾಯಿ, ಅದೂ ಸೇರಿಸಿಕೋ. ಕುತ್ತಿಗೆಯ ಸುತ್ತಳತೆ 40 ಸೆಂಟಿಮೀಟರ್ ದಾಟಿದರೆ ಅನುಮಾನ ಇನ್ನೂ ಜಾಸ್ತಿ. ನಿನ್ನ ಶರ್ಟಿನ ಮೇಲಿನ ಗುಂಡಿ ಹಾಕಿ ಎಷ್ಟು ವರ್ಷವಾಯಿತು?

ಪರೀಕ್ಷೆ ಕಷ್ಟದ್ದಲ್ಲ. ಒಂದು ರಾತ್ರಿ ಬೆರಳಿಗೆ ಕ್ಲಿಪ್, ಮೂಗಿನ ಹತ್ತಿರ ನಳಿಗೆ, ಎದೆಗೆ ಪಟ್ಟಿ ಹಾಕಿಕೊಂಡು ಮಲಗುವುದು. ಗಂಟೆಗೆ ಎಷ್ಟು ಸಲ ಉಸಿರು ನಿಂತಿತು, ಎಷ್ಟು ಸಲ ಕುಗ್ಗಿತು ಅಂತ ಲೆಕ್ಕ ಹಾಕುತ್ತಾರೆ. 5ರೊಳಗಿದ್ದರೆ ಚಿಂತೆ ಇಲ್ಲ, 30 ಮುಟ್ಟಿದರೆ ತೀವ್ರ.

ಇದೆ ಅಂತಾದರೆ ಸಿಪ್ಯಾಪ್ ಯಂತ್ರ ಹೇಳಬಹುದು. ಮೂಗಿಗೆ ಮಾಸ್ಕ್ ಹಾಕಿ, ಗಾಳಿಯ ಒತ್ತಡದಿಂದ ಗಂಟಲು ಮುಚ್ಚದಂತೆ ಹಿಡಿಯುತ್ತದೆ. ಆಸ್ಟ್ರೇಲಿಯಾದ ಡಾಕ್ಟರ್ ಕಾಲಿನ್ ಸಲಿವನ್ 1981ರಲ್ಲಿ ತೋರಿಸಿಕೊಟ್ಟ ಉಪಾಯ ಇದು. ಅದು ಬಂದ ಮರುದಿನವೇ ಮಾತ್ರೆ ಎಸೆಯಬಹುದು ಅಂದುಕೊಳ್ಳಬೇಡ. ಸರಾಸರಿ ನೋಡಿದರೆ ಬಿಪಿ ಇಳಿಯುವುದು ಎರಡೋ ಮೂರೋ ಅಂಕ. ನಿನ್ನಂತೆ ಮಾತ್ರೆಗೆ ಬಗ್ಗದವರಿಗೆ ಸ್ವಲ್ಪ ಜಾಸ್ತಿ. ಅದೂ ದಿನಾ ರಾತ್ರಿ ಹಾಕಿಕೊಂಡರೆ. ನಿಮ್ಮೂರು ಆಲ್ದೂರಿನ ಮಳೆಗಾಲದ ಕರೆಂಟು ನಿನಗೇ ಗೊತ್ತು, ಯುಪಿಎಸ್ ಬ್ಯಾಟರಿ ಹೊಸದು ಹಾಕಿಸು.

ಹತ್ತು ಕೆಜಿ ಇಳಿಸಿದರೆ ಉಸಿರಿಗೂ ಬಿಪಿಗೂ ಉಪಕಾರ. ಅಂಗಾತ ಮಲಗಬೇಡ, ಪಕ್ಕಕ್ಕೆ ತಿರುಗು. ನಿದ್ದೆ ಮಾತ್ರೆ ಯಾರಾದರೂ ಕೊಟ್ಟರೆ ಮುಟ್ಟಬೇಡ. ಇನ್ನು ಸಂಜೆಯ ಎರಡು ಪೆಗ್ಗು. ಕೊಯ್ಲಿನ ದಣಿವಿಗೆ ಅಂತೀಯ, ಕೊಯ್ಲು ಮುಗಿದ ಮೇಲೆ ಹಂದಿ ಸಾರಿನ ಜೊತೆ ಅಂತೀಯ, ಮಳೆಗಾಲದಲ್ಲಿ ಚಳಿಗೆ ಅಂತೀಯ! ಮಲಗುವ ಮುಂಚಿನ ಮದ್ಯ ಮೊದಲೇ ಸಡಿಲವಾದ ಗಂಟಲನ್ನು ಇನ್ನೂ ಸಡಿಲ ಮಾಡುತ್ತದೆ. ಬೇರೇನೂ ಬಿಡದಿದ್ದರೂ ಇದನ್ನು ಬಿಡು.

ಪರೀಕ್ಷೆ ಆಗಿ ಚಿಕಿತ್ಸೆ ಶುರುವಾಗುವ ತನಕ ಚಾರ್ಮಾಡಿ ಘಾಟಿಯಲ್ಲಿ ನೀನು ಜೀಪು ಓಡಿಸಕೂಡದು. ಕೊಟ್ಟಿಗೆಹಾರದಲ್ಲಿ ನೀರ್ದೋಸೆ ತಿಂದು ಘಾಟಿ ಇಳಿಯುವಾಗ ಕಣ್ಣು ಮುಚ್ಚಿದರೆ ಬಿಪಿ ಚಿಂತೆಯೇ ಇರುವುದಿಲ್ಲ. ಡ್ರೈವರ್ ಕರೆದುಕೋ.

ನಿನ್ನ ಹೆಂಡತಿಗೆ ಹೇಳು, ಉಸಿರು ನಿಲ್ಲುವಾಗ ಮೊಬೈಲಿನಲ್ಲಿ ಎರಡು ನಿಮಿಷ ವಿಡಿಯೋ ಮಾಡಲಿ. ಅದನ್ನು ಸಂಬಂಧಿಕರ ವಾಟ್ಸಾಪ್ ಗುಂಪಿಗೆ ಹಾಕಬೇಡಿ, ಡಾಕ್ಟರಿಗೆ ತೋರಿಸಿ. ಹಳೆಯ ಚೀಟಿ, ಮನೆಯಲ್ಲಿ ಬರೆದಿಟ್ಟ ಬಿಪಿ ಲೆಕ್ಕ ಎಲ್ಲ ಹಿಡಿದು ಗುರುವಾರ ಹಾಸನಕ್ಕೆ ಬಾ. ಶ್ವಾಸಕೋಶದ ಡಾಕ್ಟರ ಹತ್ತಿರ ನಾನೂ ಬರುತ್ತೇನೆ. ಬಸ್ಸಿನಲ್ಲಿ ಬಾ.

ನಿನ್ನ ಮಾವ