ನಿವೃತ್ತರ ಜೊತೆಗೇ ಮನೆಗೆ ಹೋಗುವ ಕಸುಬು

ಮಾನ್ಯ ಸಂಪಾದಕರೇ,

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋದಾಗ ನಮ್ಮ ಭಾಗದ ರೈತರು ನಿದ್ದೆಗೆಟ್ಟು ಕುಳಿತದ್ದನ್ನು ಯಾರೂ ಮರೆತಿಲ್ಲ. ಹರಿಯುವ ನೀರಿನಲ್ಲೇ, ಗೇಟಿನ ಬದಲಿಗೆ ತಾತ್ಕಾಲಿಕವಾಗಿ ನೀರು ತಡೆಯುವ ಉಕ್ಕಿನ ಹಲಗೆಗಳಾದ ಸ್ಟಾಪ್‌ಲಾಗ್ ಇಳಿಸಿ ಸುಮಾರು ಒಂದು ವಾರದಲ್ಲಿ ನೀರನ್ನು ತಡೆಯಲು ಸಾಧ್ಯವಾದದ್ದು ಕನ್ನಯ್ಯ ನಾಯ್ಡು ಅವರಂಥ ಹಿರಿಯ ತಜ್ಞರ ಅನುಭವ ಮತ್ತು ಹಗಲಿರುಳು ದುಡಿದ ಕಾರ್ಮಿಕರಿಂದ. ಅಂಥವರ ಕೈಕೆಳಗೆ ಈಗ ಎಷ್ಟು ಮಂದಿ ಕಿರಿಯರು ಕಲಿಯುತ್ತಿದ್ದಾರೆ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಕಾಡುತ್ತಿದೆ. ಜಲಾಶಯಗಳ ಗೇಟುಗಳನ್ನು ತಯಾರಿಸುತ್ತಿದ್ದ ಹೊಸಪೇಟೆಯ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಕಾರ್ಖಾನೆಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ 2015ರಲ್ಲಿ ತೀರ್ಮಾನಿಸಿತು. ಅಲ್ಲಿನ ಯಂತ್ರ, ಜಮೀನುಗಳ ಲೆಕ್ಕವನ್ನು ಬರೆದಿಡಬಹುದು. ಕುಶಲಕರ್ಮಿಗಳ ಕೈಯಲ್ಲಿದ್ದ ಕಸುಬನ್ನು ಯಾವ ದಾಸ್ತಾನು ಪುಸ್ತಕದಲ್ಲಿ ಬರೆಯುವುದು?

ಕೊಪ್ಪಳ ಸಮೀಪದ ಕಾರ್ಖಾನೆಯೊಂದರ ಸಿಬ್ಬಂದಿ ವಿಭಾಗದಲ್ಲಿ ನಾನು ಬಹುಕಾಲ ಕೆಲಸ ಮಾಡಿದವನು. ಅಲ್ಲಿ ಬಾಯ್ಲರಿಗೆ ನೀರುಣಿಸುವ ಪಂಪುಗಳನ್ನು ನೋಡಿಕೊಳ್ಳುತ್ತಿದ್ದ ಹಿರಿಯ ಫಿಟ್ಟರ್ ಒಬ್ಬರು ನಿವೃತ್ತರಾದ ದಿನ ಶಾಲು ಹೊದಿಸಿ, ಹಾರ ಹಾಕಿ, ಬೀಗದ ಕೈಗಳನ್ನೂ ಒಂದು ರಿಜಿಸ್ಟರನ್ನೂ ಪಡೆದು ಕಳಿಸಿಕೊಟ್ಟೆವು. ಬಿಸಿನೀರು ಹರಿದಂತೆ ಪಂಪಿನ ಮೈ ಹಿಗ್ಗಿ ಅದರ ತಿರುಗುವ ದಂಡ (ಶಾಫ್ಟ್) ಕೂದಲೆಳೆಯಷ್ಟು ಮೇಲೇಳುವುದರಿಂದ, ತಣ್ಣಗಿರುವಾಗ ಅದನ್ನು ಮೋಟಾರಿನ ಮಟ್ಟಕ್ಕಿಂತ ತುಸು ತಗ್ಗಿಸಿಯೇ ಕೂರಿಸಬೇಕು. ಎಷ್ಟು ತಗ್ಗಿಸಬೇಕೆಂಬ ಅಳತೆ ಕಂಪನಿಯ ಪುಸ್ತಕದಲ್ಲಿತ್ತು. ಆದರೆ ಒಂದು ಪಂಪಿನ ಬುನಾದಿಯನ್ನು ಹೊಸದಾಗಿ ಕಟ್ಟಿದ ಮೇಲೆ ಆ ಅಳತೆ ಹೊಂದುತ್ತಿರಲಿಲ್ಲ. ಸರಿಯಾದದ್ದನ್ನು ಆ ಹಿರಿಯರು ಹಲವು ಸಲ ಬಿಚ್ಚಿ ಜೋಡಿಸಿ ಕಂಡುಕೊಂಡು ಜೇಬಿನ ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದರು. ಅವರು ಹೋದ ಮೂರೇ ತಿಂಗಳಲ್ಲಿ ಆ ಪಂಪಿನ ಬೇರಿಂಗ್ ಎರಡು ಬಾರಿ ಸುಟ್ಟು, ಎರಡು ದಿನ ಕೆಲಸ ನಿಂತು, ಕೊನೆಗೆ ಅವರ ಊರಿಗೆ ಜೀಪು ಕಳಿಸಬೇಕಾಯಿತು. ‘ಯಾರೂ ಕೇಳಲಿಲ್ರಿ ಸಾಹೇಬ್ರ, ಕೇಳಿದ್ರ ಹೇಳತಿದ್ನಿ’ ಎಂದರು. ಅವರ ನಿವೃತ್ತಿಯ ಕಾಗದಪತ್ರಗಳನ್ನು ಸಿದ್ಧಪಡಿಸಿದವನು ನಾನೇ ಆಗಿದ್ದರಿಂದ ಆ ಮಾತು ನನಗೆ ಈಗಲೂ ನೋವು ಕೊಡುತ್ತದೆ.

ಸೇವಾ ಪುಸ್ತಕದಲ್ಲಿ ನೌಕರನ ರಜೆ, ಬಡ್ತಿ, ವರ್ಗಾವಣೆ ಎಲ್ಲವೂ ದಾಖಲಾಗಿರುತ್ತದೆ. ಅವನಿಗೆ ಏನು ಗೊತ್ತು ಎಂಬುದು ಮಾತ್ರ ಇರುವುದಿಲ್ಲ. ಐಎಸ್‌ಒ 9001 ಎಂಬ ಅಂತರರಾಷ್ಟ್ರೀಯ ಗುಣಮಟ್ಟ ಮಾನದಂಡದ 2015ರ ಆವೃತ್ತಿಯು ಸಂಸ್ಥೆಯ ಜ್ಞಾನವನ್ನು ಗುರುತಿಸಿ ಕಾಪಾಡಿಕೊಳ್ಳಬೇಕೆಂದು 7.1.6ನೇ ಅಂಶದಲ್ಲಿ ಸ್ಪಷ್ಟವಾಗಿಯೇ ಹೇಳುತ್ತದೆ. ಆ ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ಸ್ವಾಗತ ಕೊಠಡಿಯಲ್ಲಿ ತೂಗುಹಾಕುವ ಸಂಸ್ಥೆಗಳು ಈ ಕೆಲಸವನ್ನು ಮಾನವ ಸಂಪನ್ಮೂಲ ವಿಭಾಗಕ್ಕೆ ಹೆಸರಿಟ್ಟು ವಹಿಸಬೇಕು. ನಿವೃತ್ತಿಯ ದಿನಾಂಕವೇನೂ ದಿಢೀರನೆ ಬರುವಂಥದ್ದಲ್ಲ. ಯಾವ ಕೆಲಸ ಒಬ್ಬರಿಗಷ್ಟೇ ಗೊತ್ತಿದೆ ಎಂಬ ಪಟ್ಟಿ ಮೊದಲು ತಯಾರಾಗಲಿ. ಅವರ ಉತ್ತರಾಧಿಕಾರಿಯನ್ನು ಕನಿಷ್ಠ ಆರು ತಿಂಗಳು ಮೊದಲೇ ನೇಮಿಸಿ ಒಂದೇ ಶಿಫ್ಟಿನಲ್ಲಿ ಜೊತೆಗಿರಿಸಲಿ. ಒಂದು ಹುದ್ದೆಗೆ ಎರಡು ಸಂಬಳವೇ ಎಂದು ಲೆಕ್ಕಪತ್ರ ವಿಭಾಗ ತಕರಾರು ತೆಗೆಯುವುದುಂಟು, ಆದರೆ ಬಾಯ್ಲರ್ ಎರಡು ದಿನ ನಿಂತ ನಷ್ಟದ ಮುಂದೆ ಆ ಸಂಬಳ ದೊಡ್ಡದಲ್ಲ. ಕಲಿಸಿಕೊಟ್ಟರೆ ತಮ್ಮ ಬೆಲೆ ಕಡಿಮೆಯಾದೀತು ಎಂಬ ಅಳುಕು ಹಿರಿಯರಲ್ಲಿ ಸಹಜವಾಗಿಯೇ ಇರುತ್ತದೆ. ಕಲಿಸುವುದನ್ನು ಬಡ್ತಿಗೂ ಭತ್ಯೆಗೂ ಪರಿಗಣಿಸಿದರೆ ಅದು ಬಹುಪಾಲು ಕರಗುತ್ತದೆ. ಕೊನೆಯ ವಾರ ಒಂದು ಫಾರ್ಮ್ ಕೊಟ್ಟು ‘ನಿಮ್ಮ ಅನುಭವ ಬರೆಯಿರಿ’ ಎನ್ನುವುದರಿಂದ ಏನೂ ದಕ್ಕುವುದಿಲ್ಲ. ಕೈ ಕೆಲಸ ಮಾಡುತ್ತಿರುವಾಗ ಪಕ್ಕದಲ್ಲಿ ನಿಂತವನಿಗೆ ಮಾತ್ರ ಅದು ಕಾಣುತ್ತದೆ.

ಗುತ್ತಿಗೆ ಕಾರ್ಮಿಕರ ಸ್ಥಿತಿ ಇನ್ನೂ ಕಳವಳದ್ದು. ಟೆಂಡರ್ ಬದಲಾದಾಗ ಹೊಸ ಗುತ್ತಿಗೆದಾರ ಹಳಬರನ್ನು ಕೈಬಿಟ್ಟರೆ, ವರ್ಷಗಟ್ಟಲೆ ಒಂದೇ ಯಂತ್ರದ ಸದ್ದು ಕೇಳಿ ಅದರ ಕಾಯಿಲೆ ಹೇಳಬಲ್ಲವರು ಬೀಳ್ಕೊಡುಗೆಯೂ ಇಲ್ಲದೆ ಹೊರಬೀಳುತ್ತಾರೆ. ಅನುಭವಿಗಳನ್ನು ಮುಂದುವರಿಸಬೇಕೆಂಬ ಷರತ್ತನ್ನು ಟೆಂಡರಿನಲ್ಲೇ ಸೇರಿಸಬೇಕು.

ರಾಯಚೂರು ಬಳಿಯ ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ 1985ರಲ್ಲಿ ಆರಂಭವಾದಾಗ ಇಪ್ಪತ್ತರ ಹರೆಯದಲ್ಲಿದ್ದವರಿಗೆ ಈಗ ಅರವತ್ತು ತುಂಬಿದೆ. ಅಲ್ಲಿಂದ ಹಟ್ಟಿಯ ಚಿನ್ನದ ಗಣಿ, ಗಿಣಿಗೇರಿ, ತೋರಣಗಲ್ಲುಗಳ ಕಾರ್ಖಾನೆಗಳವರೆಗೆ ಎಲ್ಲ ಆಡಳಿತ ಮಂಡಳಿಗಳೂ ಮುಂದಿನ ಎರಡು ವರ್ಷಗಳಲ್ಲಿ ನಿವೃತ್ತರಾಗುವವರ ಪಟ್ಟಿಯನ್ನು ಈ ತಿಂಗಳೇ ತೆಗೆದು, ಪ್ರತಿ ಹೆಸರಿನ ಎದುರಿಗೆ ಅವರಿಂದ ಕಲಿಯಲಿರುವವರ ಹೆಸರನ್ನು ಬರೆಯಬೇಕೆಂದು ವಿನಂತಿಸುತ್ತೇನೆ.

– ನಿವೃತ್ತ ಸಿಬ್ಬಂದಿ ಅಧಿಕಾರಿ, ಕೊಪ್ಪಳ